ಅಮ್ಮನ ಜೊತೆ ಅಮೆರಿಕಕ್ಕೆ: ವಿಮಾನದಲ್ಲಿ ನೋಡಲು ಏನು ಹಾಕಿಕೊಂಡು ಹೋಗಲಿ?

ಮುಲುಂಡ್ ಹುಡುಗಿ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಮುಂಬೈಯಿಂದ ನೆವಾರ್ಕ್‌ಗೆ ಹೋಗುತ್ತಿದ್ದೇನೆ, ತಂಗಿಯ ಬಾಣಂತನಕ್ಕೆ. ನೇರ ವಿಮಾನ, ಹೊರಡುವುದು ಮಧ್ಯರಾತ್ರಿ ಕಳೆದ ಮೇಲೆ. 15 ಗಂಟೆಗೂ ಜಾಸ್ತಿ ಕೂತೇ ಇರಬೇಕು. ಅಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಇದುವರೆಗೆ ಅವರು ಹತ್ತಿದ್ದು ಮಂಗಳೂರಿನ ವಿಮಾನ ಮಾತ್ರ, ಅದು ಕಿಟಕಿ ನೋಡುವುದರಲ್ಲೇ ಮುಗಿದುಹೋಗುತ್ತದೆ.

ಮುಂದಿನ ಸೀಟಿನ ಬೆನ್ನಿಗೆ ಸ್ಕ್ರೀನ್ ಇರುತ್ತದೆ, ಗೊತ್ತು. ಆದರೆ ಅದರಲ್ಲಿ ಕನ್ನಡ ಸಿಕ್ಕೀತು ಅಂತ ನಂಬಿ ಹೋಗುವ ಧೈರ್ಯ ಇಲ್ಲ. ಟ್ಯಾಬ್‌ನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳೋಣ ಅಂತ ಇದ್ದೇನೆ. ಅಮ್ಮನಿಗೆ ಕನ್ನಡ, ಹಿಂದಿ, ಮರಾಠಿ ಮೂರೂ ಬರುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತದೆ. ಮನೆಯಲ್ಲಿ ಸಂಜೆ ಆದರೆ ಸೀರಿಯಲ್ಲೇ. ಅದನ್ನು ಮಾತ್ರ ಹಾಕಿಕೊಡಲು ನನಗೆ ಮನಸ್ಸಿಲ್ಲ, ಅತ್ತೆ ಸೊಸೆ ಜಗಳ ಅಷ್ಟು ಮೇಲೆ ಹೋದಮೇಲೂ ಬೇಕಾ? ಕಾಡು, ಪ್ರಾಣಿ, ಹಳ್ಳಿ, ದೇವಸ್ಥಾನ ಅಂದರೆ ಇಷ್ಟ. ಹಾವು ಮಾತ್ರ ಬೇಡ. ಹಾವು ಕಂಡರೆ ಟಿವಿಯೇ ಆಫ್.

ಹಾಗೇ ನನಗೂ ಒಂದೆರಡು ಹೇಳಿ. ಡಾಕ್ಯುಮೆಂಟರಿ ಆದರೆ ಒಳ್ಳೆಯದು. ರೇಟಿಂಗ್ ನೋಡುತ್ತಾ ಕೂತರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ನೀವೆಲ್ಲ ಹೇಗೆ ಆರಿಸುತ್ತೀರಿ?

ಹಿಂಜವಡಿಯಲ್ಲಿ ಹುಬ್ಬಳ್ಳಿಯವ:

ಅಕ್ಕಾರ, ರೇಟಿಂಗ್ ಮರೆತುಬಿಡಿ. ವಿಮಾನಕ್ಕೆ ಆರಿಸುವ ಲೆಕ್ಕವೇ ಬೇರೆ. ಮನೆಯಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ್ದು ಅಲ್ಲಿ ಹತ್ತು ನಿಮಿಷವೂ ನೋಡಲಾಗುವುದಿಲ್ಲ. ಒಳಗೆ ಎಂಜಿನ್ ಮತ್ತು ಗಾಳಿಯ ಸದ್ದು 80 ಡೆಸಿಬೆಲ್ ಆಸುಪಾಸು ಒಂದೇ ಸಮನೆ ಇರುತ್ತದೆ. ಅದರ ನಡುವೆ ಪಿಸುಪಿಸು ಮಾತಿನ ಕಥೆ ಹಾಕಿದರೆ ಏನೂ ಕೇಳಿಸುವುದಿಲ್ಲ. ಪಕ್ಕದವರು ಕಿಟಕಿ ತೆರೆದರೆ ಸ್ಕ್ರೀನ್ ಮೇಲೆ ಬೆಳಕು ಬಿದ್ದು, ಕತ್ತಲೆ ದೃಶ್ಯಗಳಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಈಗಿನ ಕ್ರೈಮ್ ಸೀರೀಸ್ ಎಲ್ಲ ಹಾಗೇ ಅಲ್ವಾ, ರಾತ್ರಿ, ಮಳೆ, ಪಿಸುಮಾತು. ಎಷ್ಟೇ ಚೆನ್ನಾಗಿರಲಿ, ಅವನ್ನು ಮನೆಗೆ ಉಳಿಸಿಕೊಳ್ಳಿ.

ಇನ್ನೊಂದು, ಅಲ್ಲಿ ಯಾರೂ ಎರಡು ಗಂಟೆ ನೆಮ್ಮದಿಯಾಗಿ ನೋಡಲು ಬಿಡುವುದಿಲ್ಲ. ಊಟದ ಟ್ರಾಲಿ ಬರುತ್ತದೆ, ಬೆಲ್ಟ್ ಹಾಕಿ ಅಂತ ಅನೌನ್ಸ್‌ಮೆಂಟ್, ಕಿಟಕಿ ಸೀಟಿನವರು ಏಳಬೇಕು ಅಂದರೆ ನೀವೂ ಏಳಬೇಕು. ಹಾಗಾಗಿ ನಾನು ನೋಡುವುದು ಒಂದೇ, ಎಲ್ಲಿ ನಿಲ್ಲಿಸಿದರೂ ನಷ್ಟ ಇಲ್ಲದಂಥದ್ದು. ಇಪ್ಪತ್ತರಿಂದ ಐವತ್ತು ನಿಮಿಷದ ಕಂತುಗಳು ಸರಿ. ಒಂದೊಂದು ಕಂತಿನಲ್ಲೂ ಕಥೆ ಮುಗಿದರೆ ಇನ್ನೂ ಒಳ್ಳೆಯದು.

ನಿಮಗೆ ಡಾಕ್ಯುಮೆಂಟರಿಯೇ ಬೇಕು ಅಂದಿರಿ, ಆದರೂ 'ಸ್ಕ್ಯಾಮ್ 1992' ನೋಡಿರದಿದ್ದರೆ ಅದನ್ನು ಹಾಕಿಕೊಳ್ಳಿ. 2020ರದ್ದು, 10 ಕಂತು. ದಲಾಲ್ ಸ್ಟ್ರೀಟ್‌ನ ಷೇರುಪೇಟೆ ಹಗರಣದ ಕಥೆ, ಹಗಲು ಬೆಳಕು, ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ. ವಿಮಾನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪುಣೆಯವರೆಲ್ಲ ಹೇಳುವ 'ವೈಲ್ಡ್ ವೈಲ್ಡ್ ಕಂಟ್ರಿ' (2018, 6 ಕಂತು) ನಿಜಕ್ಕೂ ಅದ್ಭುತ. ಇಲ್ಲಿ ಕೋರೆಗಾಂವ್ ಪಾರ್ಕ್‌ನಲ್ಲಿದ್ದ ರಜನೀಶ್ 1981ರಲ್ಲಿ ಅಮೆರಿಕಕ್ಕೆ ಹೋಗಿ, ಆರೆಗನ್‌ನಲ್ಲಿ ಶಿಷ್ಯರು ಊರೇ ಕಟ್ಟಿದ ಕಥೆ. ಆದರೆ ಬಟ್ಟೆ ಇಲ್ಲದವರ ದೃಶ್ಯಗಳಿವೆ. ಪಕ್ಕದಲ್ಲಿ ಅಮ್ಮ ಇರುತ್ತಾರೆ, ನೀವೇ ಯೋಚನೆ ಮಾಡಿ.

ಡೌನ್‌ಲೋಡ್ ವಿಷಯ ಸ್ವಲ್ಪ ಗಮನ ಕೊಡಿ. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಶೋಗಳು, ಪ್ರೈಮ್ ವಿಡಿಯೋದಲ್ಲಿ ಸಾಮಾನ್ಯವಾಗಿ ಎಲ್ಲವೂ, ಒಮ್ಮೆ ಪ್ಲೇ ಒತ್ತಿದರೆ 48 ಗಂಟೆಯಲ್ಲಿ ಎಕ್ಸ್‌ಪೈರ್ ಆಗುತ್ತವೆ. ಸುಮ್ನೆ ಹೇಗಿದೆ ನೋಡೋಣ ಅಂತ ವಾರ ಮೊದಲೇ ತೆರೆದರೆ, ಹೊರಡುವ ಹೊತ್ತಿಗೆ ಹೋಗಿರುತ್ತದೆ. ಡೌನ್‌ಲೋಡ್‌ನಲ್ಲಿ ಎಲ್ಲ ಭಾಷೆಯ ಆಡಿಯೋನೂ ಬರುವುದಿಲ್ಲ, ಅಮ್ಮನಿಗೆ ಕನ್ನಡವೋ ಹಿಂದಿಯೋ ಮೊದಲೇ ಆರಿಸಿ. ಹೊರಡುವ ದಿನ ಏರೋಪ್ಲೇನ್ ಮೋಡ್ ಹಾಕಿ ಒಂದೊಂದನ್ನೂ ಕೆಲವು ಸೆಕೆಂಡ್ ಓಡಿಸಿ ನೋಡಿ. ನಾವು ಪುಣೆಯವರು ಮುಂಬೈ ಏರ್‌ಪೋರ್ಟ್‌ಗೆ ಟ್ಯಾಕ್ಸಿಯಲ್ಲಿ ಹೋಗುತ್ತಾ ಡೌನ್‌ಲೋಡ್ ಮಾಡೋಣ ಅಂದುಕೊಳ್ಳುತ್ತೇವೆ, ಖಂಡಾಲಾ ಘಾಟ್ ಬಂದಾಗ ನೆಟ್‌ವರ್ಕ್ ಮಾಯ. ನಿಮಗೆ ಮುಲುಂಡ್‌ನಿಂದ ಆ ತೊಂದರೆ ಇಲ್ಲ, ಟ್ರಾಫಿಕ್ ಒಂದೇ.

ಸಯನ್ ಶೆಟ್ರು:

ಮೇಲಿನವರು ಹೇಳಿದ್ದು ಸರಿ ಮಾರಾಯ್ರೆ, ಆದರೆ ಎಲ್ಲ ನಿಮ್ಮ ವಯಸ್ಸಿನವರಿಗೆ ಆಯಿತು. ಅಮ್ಮನಿಗೆ ಯಕ್ಷಗಾನ ಹಾಕಿಕೊಡಿ! ಊರು ಯಾವುದು ಅಂತ ಬರೆದಿಲ್ಲ, ಮಂಗಳೂರು ವಿಮಾನ ಅಂದದ್ದಕ್ಕೆ ನಮ್ಮ ಕಡೆಯವರೇ ಅಂದುಕೊಂಡೆ. ಇಡೀ ರಾತ್ರಿ ಆಟ ನೋಡಿ ಬೆಳೆದವರಿಗೆ ರಾತ್ರಿ ವಿಮಾನ ಏನು ದೊಡ್ಡದು? ಯೂಟ್ಯೂಬ್‌ನಲ್ಲಿ ಇಡೀ ಪ್ರಸಂಗಗಳು ಬೇಕಾದಷ್ಟು ಇವೆ, ಇಡೀ ರಾತ್ರಿ ಬೇಡ ಅಂದರೆ ಕೆಲವೇ ಗಂಟೆಯ ಕಾಲಮಿತಿಯದ್ದೂ ಇದೆ. ಕಥೆ ಅವರಿಗೆ ಮೊದಲೇ ಗೊತ್ತು. ನಡುವೆ ಒಂದು ಗಂಟೆ ನಿದ್ದೆ ಹೋದರೂ ಏಳುವಾಗ ಕೌರವ ಇನ್ನೂ ಮಾತಾಡುತ್ತಾ ಇರುತ್ತಾನೆ. ಹುಬ್ಬಳ್ಳಿಯವರು 'ಎಲ್ಲಿ ನಿಲ್ಲಿಸಿದರೂ ನಷ್ಟ ಇಲ್ಲ' ಅಂದರಲ್ಲ, ಅದು ಇದೇ.

ಇನ್ನೂ ಒಳ್ಳೆಯದು ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಪದ ಮತ್ತು ಅರ್ಥ, ಅಂದರೆ ಹಾಡು ಮತ್ತು ಪಾತ್ರಗಳ ಮಾತು. ಸ್ಕ್ರೀನ್ ನೋಡಲೇಬೇಕು ಅಂತಿಲ್ಲ, ಕಣ್ಣು ಮುಚ್ಚಿ ಕೇಳಬಹುದು. ಕೃಷ್ಣ ಸಂಧಾನ ಇರಲಿ, ಭೀಷ್ಮ ವಿಜಯ ಇರಲಿ, ಒಳ್ಳೆ ಅರ್ಥಧಾರಿಗಳು ವಾದಕ್ಕೆ ಇಳಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಟಿವಿ ಶೋ ಕೇಳಿದರೆ ಇವರು ತಾಳಮದ್ದಲೆ ಹೇಳುತ್ತಾರಲ್ಲ ಅಂತ ನಗಬೇಡಿ.

ಮುಲುಂಡ್ ಹುಡುಗಿ:

ಶೆಟ್ರೇ, ನಗುವುದಲ್ಲ, ಇದು ನನಗೆ ಹೊಳೆದೇ ಇರಲಿಲ್ಲ! ಅಮ್ಮ ಕುಂದಾಪುರದವರು, ಆ ಕಡೆಯ ಬಡಗುತಿಟ್ಟು ಶೈಲಿಯ ಯಕ್ಷಗಾನ ಅಂದರೆ ಪ್ರಾಣ. ಯೂಟ್ಯೂಬ್‌ನಿಂದ ಡೌನ್‌ಲೋಡ್ ಮಾಡಿದ್ದು ಎಷ್ಟು ದಿನ ಇರುತ್ತದೆ? ಚಂಡೆ ಶುರುವಾದರೆ ಹೆಡ್‌ಫೋನ್‌ನಲ್ಲಿ ಕಿವಿಗೆ ಜೋರಾಗುವುದಿಲ್ಲವೇ?

ಹಿಂಜವಡಿಯಲ್ಲಿ ಹುಬ್ಬಳ್ಳಿಯವ:

ಯೂಟ್ಯೂಬ್ ಪ್ರೀಮಿಯಂ ಇದ್ದರೆ, ನಡುವೆ ನೆಟ್ ಸಿಗದಿದ್ದರೂ 29 ದಿನದವರೆಗೆ ನೋಡಬಹುದು. ನಿಮಗೆ ಸಾಕಾಗಿ ಉಳಿಯುತ್ತದೆ. ಉದ್ದದ ವಿಡಿಯೋ, ಹಾಗಾಗಿ ಕ್ವಾಲಿಟಿ ಕಡಿಮೆ ಇಟ್ಟು ಇಳಿಸಿಕೊಳ್ಳಿ, ಟ್ಯಾಬ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಚಂಡೆಗೆ ವಾಸ್ಕೋದವರು ಹೇಳಲಿ, ಹೆಡ್‌ಫೋನ್ ಪಂಡಿತರು ಅವರು.

ವಾಸ್ಕೋ ನಾವಿಕ:

ಹಡಗು ಹತ್ತಲು ಯಾವ ಯಾವುದೋ ದೇಶಕ್ಕೆ ವಿಮಾನದಲ್ಲಿ ಹೋಗುವುದೇ ನನ್ನ ಬಾಳು, ಹಾಗಾಗಿ ಅಷ್ಟು ಗೊತ್ತು. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಎಂಜಿನ್ನಿನ ಆ ಗುಂಯ್ ಅನ್ನುವ ಸದ್ದನ್ನು ಚೆನ್ನಾಗಿ ಕಡಿಮೆ ಮಾಡುತ್ತದೆ. ಸದ್ದು ಕಡಿಮೆಯಾದರೆ ವಾಲ್ಯೂಮ್ ಏರಿಸುವ ಅಗತ್ಯವೇ ಬರುವುದಿಲ್ಲ. ಚಂಡೆಯೂ ಕಿವಿಗೆ ಬಡಿಯುವುದಿಲ್ಲ. ಅಮ್ಮನಿಗೆ ಕಿವಿಯೊಳಗೆ ತುರುಕುವಂಥದ್ದು ಬೇಡ, ಕಿವಿ ಪೂರಾ ಮುಚ್ಚುವಂಥದ್ದು ಕೊಡಿ. ವಿಮಾನ ಇಳಿಯುವಾಗ ಕಿವಿ ಕಟ್ಟಿಕೊಂಡರೆ ತೆಗೆಯಲು ಸುಲಭ. ಸೀಟಿನ ಸ್ಕ್ರೀನ್‌ಗೆ ಬ್ಲೂಟೂತ್ ಎಲ್ಲ ವಿಮಾನದಲ್ಲೂ ಇರುವುದಿಲ್ಲ, ಒಂದು ವೈರ್ ಜೊತೆಗಿರಲಿ. ಹಳೆಯ ವಿಮಾನಗಳಲ್ಲಿ ಎರಡು ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಚಿಕ್ಕ ಅಡಾಪ್ಟರ್ ಬೇಕು.

ಪವರ್ ಬ್ಯಾಂಕ್ ಚೆಕ್ ಇನ್ ಬ್ಯಾಗಿನಲ್ಲಿ ಹಾಕಲೇಬೇಡಿ. ಕೈಚೀಲದಲ್ಲೇ ಇರಬೇಕು, 100 ವಾಟ್ ಅವರ್ ಒಳಗೆ, ಅಂದರೆ 27,000 ಎಂಎಎಚ್ ಸುಮಾರು. ಈಗ ಕೆಲವು ಏರ್‌ಲೈನ್‌ಗಳು ವಿಮಾನದೊಳಗೆ ಅದನ್ನು ಬಳಸಲೂ ಬಿಡುವುದಿಲ್ಲ, ಇಟ್ಟುಕೊಳ್ಳಬಹುದು ಅಷ್ಟೇ. ಟಿಕೆಟ್ ಜೊತೆ ಬಂದ ನಿಯಮ ಒಮ್ಮೆ ಓದಿಕೊಳ್ಳಿ.

ಈಗ ನಿಮಗೆ ಏನು ಬೇಡ ಅಂತ ಹೇಳುತ್ತೇನೆ, ಅದೇ ಮುಖ್ಯ. ವಿಮಾನ ಅಪಘಾತದ ತನಿಖೆ ಸೀರೀಸ್‌ಗಳು ನನಗೆ ತುಂಬಾ ಇಷ್ಟ, ಎಂಜಿನಿಯರಿಂಗ್ ಚೆನ್ನಾಗಿ ವಿವರಿಸುತ್ತಾರೆ. ಆದರೆ ಅದನ್ನು ಒಳಗೆ ಕೂತು ನೋಡುವವನಿಗೆ ಪಕ್ಕದ ಸೀಟಿನವರ ಮೇಲೆ ಕರುಣೆ ಇಲ್ಲ ಅಂತಲೇ ಅರ್ಥ. ಸ್ಕ್ರೀನ್ ನಿಮ್ಮದಾದರೂ ಮೂರು ಜನಕ್ಕೆ ಕಾಣುತ್ತದೆ. 'ಫ್ರೀ ಸೋಲೋ' (2018) ಕೂಡ ಹಾಗೇ. 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಒಬ್ಬ ಹಗ್ಗವಿಲ್ಲದೆ ಹತ್ತುತ್ತಾನೆ, ಅವನು ಬದುಕಿದ್ದಾನೆ ಅಂತ ಗೊತ್ತಿದ್ದರೂ ಅಂಗೈ ಬೆವರುತ್ತದೆ. ಆಗಲೇ ವಿಮಾನ ಅಲುಗಾಡಿದರೆ? ನೆಲದ ಮೇಲೆ ನೋಡಿ.

'ಮೈ ಆಕ್ಟೋಪಸ್ ಟೀಚರ್' (2020) ನಿಮಗೆ ಸರಿ. ಒಂದೂವರೆ ಗಂಟೆಗಿಂತ ಕಡಿಮೆ. ದಕ್ಷಿಣ ಆಫ್ರಿಕಾದ ತಣ್ಣನೆ ಕಡಲಿನಲ್ಲಿ ಒಬ್ಬ ಮನುಷ್ಯ ದಿನಾ ಮುಳುಗಿ ಒಂದು ಆಕ್ಟೋಪಸ್ ನೋಡುತ್ತಾನೆ, ಇಷ್ಟೇ ಕಥೆ. ಇಡೀ ವರ್ಷ ನೀರಿನ ಮೇಲೆ ಇರುವ ನಾನೇ ನೀರಿನ ಒಳಗೆ ಇಷ್ಟೆಲ್ಲ ಇದೆಯಾ ಅಂತ ನೋಡಿದೆ.

ಮಾಟುಂಗಾ ರಾಯರು:

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ. 'ಮಾಲ್ಗುಡಿ ಡೇಸ್' ಯಾರೂ ಹೇಳಲಿಲ್ಲವಲ್ಲ! ಶಂಕರ್ ನಾಗ್ ಮಾಡಿದ್ದು, 1986ರಲ್ಲಿ ದೂರದರ್ಶನದಲ್ಲಿ ಬಂತು, 39 ಕಂತು, ಒಂದೊಂದೂ ಅರ್ಧ ಗಂಟೆಗಿಂತ ಕಡಿಮೆ. ಹಿಂದಿಯಲ್ಲಿದ್ದರೂ ಊರು ಆಗುಂಬೆ, ಮುಖಗಳು ನಮ್ಮವೇ. ಗಿರೀಶ್ ಕಾರ್ನಾಡ್ ಅಪ್ಪನಾಗಿ ಸ್ವಾಮಿಯನ್ನು ಗದರಿಸುವುದು, ಅನಂತ್ ನಾಗ್, ಒಂದು ಕಂತಿನಲ್ಲಿ ವಿಷ್ಣುವರ್ಧನ್. ನಿಮ್ಮ ಅಮ್ಮ ಮೊದಲ ಸಲ ಬಂದಾಗಲೇ ನೋಡಿರುತ್ತಾರೆ, ಎರಡನೇ ಸಲ ನೋಡಲು ಇನ್ನೂ ಸುಖ. ಒಂದು ಕಂತು, ಒಂದು ನಿದ್ದೆ, ಮತ್ತೊಂದು ಕಂತು. ಆದರೆ 'ನಾಗ' ಅಂತ ಒಂದು ಕಂತಿದೆ, ಹಾವಾಡಿಗರ ಹುಡುಗನದ್ದು. ಅದನ್ನು ತೆಗೆದುಬಿಡಿ!

ಹಾವಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಾಡು ಅಂದ ಕೂಡಲೇ ಎಲ್ಲರೂ 'ವೈಲ್ಡ್ ಕರ್ನಾಟಕ' ಹೇಳುತ್ತಾರೆ. ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ. ಒಂದು ಗಂಟೆಯೊಳಗೆ ಮುಗಿಯುತ್ತದೆ, ಕನ್ನಡದಲ್ಲಿ ಸಿಕ್ಕರೆ ಬಿಡಬಾರದು. ಆದರೆ ಅದರಲ್ಲಿ ಕಾಳಿಂಗ ಸರ್ಪಗಳ ಕಾಳಗ ಇದೆ. ನೀವು ಮೊದಲೇ ನೋಡಿ, ಆ ಭಾಗ ಬಂದಾಗ ಮುಂದೆ ಓಡಿಸಿ. 'ದ ಎಲಿಫೆಂಟ್ ವಿಸ್ಪರರ್ಸ್'ನಲ್ಲಿ ಆ ಗೊಡವೆ ಇಲ್ಲ. ಬಂಡೀಪುರದ ಪಕ್ಕದ ಮುದುಮಲೈ, ತಾಯಿ ಇಲ್ಲದ ಆನೆಮರಿ ರಘು, ಅದನ್ನು ಸಾಕುವ ಬೊಮ್ಮನ್ ಬೆಳ್ಳಿ ದಂಪತಿ. 40 ನಿಮಿಷದ ಸುಮಾರು, 2023ರಲ್ಲಿ ಆಸ್ಕರ್ ಬಂದದ್ದು. ಮಾತು ತಮಿಳಿನದು, ಮಾಟುಂಗಾದಲ್ಲಿ ಬೆಳೆದ ನಮಗೆ ತಮಿಳು ಕಿವಿಗೆ ಹೊಸದಲ್ಲ. ನಿಮ್ಮ ಅಮ್ಮನಿಗೆ ಬರದಿದ್ದರೂ ಅರ್ಧದಷ್ಟು ನೋಡಿಯೇ ತಿಳಿಯುತ್ತದೆ.

ಪುನೀತ್ ಅವರ 'ಗಂಧದ ಗುಡಿ' (2022) ಹೇಳಬೇಕೋ ಬೇಡವೋ ಗೊತ್ತಿಲ್ಲ. ಪೂರಾ ಕನ್ನಡ, ನಮ್ಮ ಕಾಡು, ನೇತ್ರಾಣಿಯ ಕಡಲು, ಎಲ್ಲ ಚೆನ್ನಾಗಿದೆ. ಆದರೆ ಅವರು ಹೋದಮೇಲೆ ಬಂದ ಚಿತ್ರ, ಗಂಡಸರೇ ಥಿಯೇಟರ್‌ನಲ್ಲಿ ಅತ್ತರು. ಮೊದಲ ಸಲ ಇಷ್ಟು ದೂರ ಹೋಗುವ ಹೆಂಗಸಿಗೆ ನಡುರಾತ್ರಿಯಲ್ಲಿ ಇದು ಬೇಕಾ?

ಸಯನ್ ಶೆಟ್ರು:

ಅಳುವುದರಲ್ಲಿ ಏನು ತಪ್ಪು ರಾಯರೇ? ಅಪ್ಪುವನ್ನು ನೋಡಿ ಎರಡು ಹನಿ ಬಂದರೆ ಮನಸ್ಸು ಹಗುರ ಆಗುತ್ತದೆ. ಹಾಕಿಕೊಂಡು ಹೋಗಲಿ, ನೋಡುವುದು ಬಿಡುವುದು ಅಮ್ಮನಿಗೆ ಬಿಟ್ಟದ್ದು.

ಮಾಟುಂಗಾ ರಾಯರು:

ಆಯ್ತು ಶೆಟ್ರೇ, ಇಳಿಯುವ ಮುಂಚೆ ಬೇಡ ಅಷ್ಟೇ. ಇಮಿಗ್ರೇಷನ್ ಅಧಿಕಾರಿ ಮುಂದೆ ಕೆಂಪು ಕಣ್ಣಲ್ಲಿ ನಿಲ್ಲುವುದು ಬೇಡ. ಹುಡುಗೀ, ಇನ್ನೊಂದು ಮಾತು: ಸೀಟಿನ ಸ್ಕ್ರೀನ್‌ನಲ್ಲಿ ವಿಮಾನ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಮ್ಯಾಪ್ ಇರುತ್ತದಲ್ಲ, ಅದನ್ನು ಅಮ್ಮನಿಗೆ ಹಾಕಿಕೊಡಿ. ಹಿರಿಯರು ಅದನ್ನು ಎಲ್ಲಕ್ಕಿಂತ ಜಾಸ್ತಿ ನೋಡುತ್ತಾರೆ. ಒಂದೊಂದು ಕಂತು ಮುಗಿದಾಗ ಎಬ್ಬಿಸಿ ಹಿಂದಿನವರೆಗೆ ನಡೆಸಿಕೊಂಡು ಬನ್ನಿ, ಕಾಲು ಊದಿಕೊಳ್ಳುತ್ತದೆ. ಎರಡು ಗಂಟೆಯ ಸಿನಿಮಾ ಹಾಕಿಕೊಟ್ಟರೆ ಏಳುವುದೇ ಇಲ್ಲ ಅವರು.

ಮುಲುಂಡ್ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಲ್ಗುಡಿ (ನಾಗ ಬಿಟ್ಟು), ಆನೆಮರಿ, ಎರಡು ಪ್ರಸಂಗ, ಒಂದು ತಾಳಮದ್ದಲೆ ಅಂತ ಅಮ್ಮನ ಮುಂದೆ ಪಟ್ಟಿ ಓದಿದೆ. ನನಗೆ ಸ್ಕ್ಯಾಮ್ ಮತ್ತು ಆಕ್ಟೋಪಸ್. ಗಂಧದ ಗುಡಿ ಕೂಡ ಹಾಕಿಕೊಳ್ಳುತ್ತೇನೆ, ಆದರೆ ಹೇಳುವುದಿಲ್ಲ. ಅಮ್ಮ ಎಲ್ಲ ಕೇಳಿ, ಭಾಗವತರು ಯಾರು ಅಂತ ವಿಚಾರಿಸಿ, ಕೊನೆಗೆ ಅಂದರು: 'ಅದೆಲ್ಲ ಸರಿ, ನನ್ನ ಸೀರಿಯಲ್ ಆ ವಾರದ್ದು ಯಾರು ನೋಡುತ್ತಾರೆ? ಅದನ್ನೂ ಹಾಕು.'

ವಾಸ್ಕೋ ನಾವಿಕ:

ಹಾಕಿಬಿಡಿ ಅಕ್ಕ. ಹೆಡ್‌ಫೋನ್ ಮಾತ್ರ ಎರಡು ತಗೊಂಡು ಹೋಗಿ.