ಸಹಾಯ ಬೇಕು: ಮರುಜೋಡಿಸಿದ ಮಡಿಚುವ ಚಾಕುವಿನ ಅಲಗು ಒಂದು ಬದಿಗೆ ವಾಲುತ್ತಿದೆ

ನನ್ನ ಲೈನರ್ ಲಾಕ್ ಚಾಕುವಿನ (ಹಿಡಿಯೊಳಗಿನ ಲೋಹದ ತಗಡು, ಅಂದರೆ ಲೈನರ್, ತೆರೆದ ಅಲಗನ್ನು ಮಡಿಚದಂತೆ ತಡೆದು ನಿಲ್ಲಿಸುವ ಬಗೆ) ಸಂದುಗಳಲ್ಲಿ ಜೇಬಿನ ನೂಲು, ಧೂಳು ಮತ್ತು ಹಳೆಯ ಎಣ್ಣೆ ಸೇರಿ ಜಿಗುಟಾಗಿದ್ದರಿಂದ, ಅದನ್ನು ಪೂರ್ತಿ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸ್ವಚ್ಛಗೊಳಿಸಿದೆ. ಅಲಗು ತಿರುಗುವ ಕೀಲಿನ ಸ್ಕ್ರೂಗೆ ಟಿ8, ಹಿಡಿಯ ಸ್ಕ್ರೂಗಳಿಗೆ ಟಿ6 ಅಳತೆಯ ಟಾರ್ಕ್ಸ್ (ನಕ್ಷತ್ರಾಕಾರದ ತುದಿಯ) ಬಿಟ್ ಬಳಸಿದೆ. ಸ್ಕ್ರೂಗಳ ಸುರುಳಿ ಗೆರೆಗಳಲ್ಲಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು) ಒಣಗಿ ಕಚ್ಚಿಕೊಂಡಿದ್ದರಿಂದ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದ ಮೇಲೆಯೇ ಕೀಲಿನ ಸ್ಕ್ರೂ ಮಿಸುಕಿತು.

ಬಿಚ್ಚಿದ್ದು ಸುಲಭ, ಜೋಡಿಸುವುದೇ ಕಗ್ಗಂಟಾಗಿದೆ. ಈಗ ಮಡಿಚುವಾಗ ಅಲಗಿನ ತುದಿ ಲಾಕ್ ಇರುವ ಬದಿಯ ಲೈನರನ್ನು ಸವರಿಕೊಂಡು ಹೋಗಿ, ಅಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು ಮೂಡಿದೆ. ಕೀಲಿನ ಸ್ಕ್ರೂ ಕಾಲು ಸುತ್ತು ಬಿಗಿಯಾದರೆ ಅಲಗು ತೆರೆಯದೆ ಹಟ ಮಾಡುತ್ತದೆ. ಸಡಿಲಿಸಿದರೆ ಎಡಬಲಕ್ಕೆ ಅಲುಗಾಡುತ್ತದೆ. ಅಲಗಿನ ಎರಡೂ ಬದಿಗೆ ಕೀಲಿನಲ್ಲಿ ಕೂರುವ ಎರಡು ಕಂಚಿನ ವಾಷರ್‌ಗಳಲ್ಲಿ (ತೆಳು ಬಳೆಗಳಲ್ಲಿ) ಒಂದರ ಒಂದೇ ಮುಖ ಉಜ್ಜಿ ಹೊಳೆಯುತ್ತಿದೆ, ಆದರೆ ಅದು ಯಾವ ಬದಿಯಲ್ಲಿತ್ತೆಂದು ನಾನು ಗುರುತು ಹಾಕಿಕೊಳ್ಳಲಿಲ್ಲ (ಒಂದು ಫೋಟೊ ತೆಗೆದಿಟ್ಟಿದ್ದರೆ ಸಾಕಿತ್ತು).

ಹಿಡಿಯ ಸ್ಕ್ರೂಗಳನ್ನು ಸಡಿಲವಾಗಿಟ್ಟು, ಮೊದಲು ಕೀಲನ್ನು ಬಿಗಿಗೊಳಿಸಿ ಅಲಗನ್ನು ನಡುವಿಗೆ ತರುವುದು ಸರಿಯಾದ ಕ್ರಮವೇ, ಅಥವಾ ವಾಷರ್‌ಗಳನ್ನು ಅದಲುಬದಲು ಮಾಡಿ ನೋಡಬೇಕೇ? ಅನುಭವಿಗಳು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಹೊಸ ಥ್ರೆಡ್‌ಲಾಕರ್ ಹಚ್ಚದೆ ಕಾಯುತ್ತೇನೆ.