ಅಪ್‌ಡೇಟ್: ಕೊನೆಗೂ ಆಫೀಸಿಗೆ ಹತ್ತಿರದ ಚಿಕ್ಕ ಮನೆಗೇ ಬಂದೆವು

ಹೊಸ ಊರಿಗೆ ಹೋಗುತ್ತಿದ್ದೇವೆ, ಆಫೀಸಿಗೆ ಹತ್ತಿರ ಚಿಕ್ಕ ಮನೆ ಹಿಡಿಯೋದಾ, ಅದೇ ಬಾಡಿಗೆಗೆ ಊರಾಚೆ ದೊಡ್ಡ ಮನೆಯಾ ಎಂದು ಕೇಳಿದ್ದೆ. ಮಗಳು ಈ ವರ್ಷ ಶಾಲೆಗೆ ಸೇರಬೇಕು, ಮಗ ಇನ್ನೂ ಅಂಬೆಗಾಲಿಡುತ್ತಿದ್ದಾನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ತುಂಬಾ ಕೆಲಸಕ್ಕೆ ಬಂದಿದ್ದು ಮನೆಯನ್ನು ರಜಾದಿನ ನೋಡಬೇಡಿ, ಕೆಲಸದ ದಿನ ಸಂಜೆ ಹೋಗಿ ನೋಡಿ ಎಂದ ಸಲಹೆ. ಆಫೀಸಿನಿಂದ ಊರಾಚೆಯ ದೊಡ್ಡ ಮನೆಗೆ ಭಾನುವಾರ ಅರ್ಧ ಗಂಟೆಯಲ್ಲಿ ಮುಗಿದ ದಾರಿ ಸಂಜೆಯ ಟ್ರಾಫಿಕ್‌ನಲ್ಲಿ ಒಂದೂಕಾಲು ಗಂಟೆ ಹಿಡಿಯಿತು. ದಿನಾ ಹೀಗಾದರೆ ನಾನು ಬರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಒಂದು ರೂಮ್ ಜಾಸ್ತಿ ಇದ್ದು ಏನು ಮಾಡೋದು, ಅಲ್ವಾ?

ಆಮೇಲೆ ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಮಗಳ ಕೈ ಹಿಡಿದು, ಚಿಕ್ಕ ಮನೆಯಿಂದ ಶಾಲೆಯವರೆಗೆ ನಡೆದು ನೋಡಿದೆವು. ಫುಟ್‌ಪಾತ್ ಇದೆ. ಆದರೆ ತಿರುವಿನಲ್ಲಿ ಕರೆಂಟ್ ಕಂಬ ಅಡ್ಡ ಬರುತ್ತದೆ, ಗಾಡಿಯನ್ನು ರಸ್ತೆಗೆ ಇಳಿಸಲೇಬೇಕು. ಅದಕ್ಕೇ ಈಗ ಹಿಂದಿನ ಓಣಿಯಲ್ಲಿ ಹೋಗುತ್ತೇವೆ. ಸ್ವಲ್ಪ ಸುತ್ತು, ಆದರೂ ವಾಹನ ಕಡಿಮೆ.

ಶಾಲೆಯಲ್ಲಿ ಸೀಟು ಖಚಿತವಾಗುವ ತನಕ ಅಡ್ವಾನ್ಸ್ ಕೊಡಲಿಲ್ಲ. ಮನೆ ಕೊಳ್ಳುವ ಮಾತು ಸದ್ಯಕ್ಕಿಲ್ಲ. ಬೇಸಿಗೆಯಲ್ಲಿ ನೀರು ಹೇಗೆ, ಮಳೆಗಾಲದಲ್ಲಿ ಗೋಡೆ, ರಸ್ತೆ ಹೇಗೆ ಎಂದು ಬಾಡಿಗೆಗಿದ್ದೇ ನೋಡುತ್ತೇವೆ.

ಸಾಮಾನಿಗೆ ಜಾಗ ಸಾಲುತ್ತಿಲ್ಲ, ಅದು ನಿಜ. ಮಂಚದ ಕೆಳಗೆಲ್ಲ ಪೆಟ್ಟಿಗೆಗಳೇ. ಚಿಕ್ಕ ಮನೆಯಲ್ಲಿ ಮಕ್ಕಳ ಆಟದ ಸಾಮಾನು, ಬಟ್ಟೆ ಎಲ್ಲಿಡುತ್ತೀರಿ? ಗೊತ್ತಿದ್ದವರು ದಯವಿಟ್ಟು ಹೇಳಿ.