ಪದ ಬೇಕು: ಕ್ಯೂ ತೋಟದ ಪಾಮ್ ಹೌಸ್, ಟೆಂಪರೇಟ್ ಹೌಸ್

ಲಂಡನ್ನಿನಿಂದ:
ಊರಿನಿಂದ ಬಂದಿರುವ ಹಿರಿಯರನ್ನು ಕ್ಯೂ ಸಸ್ಯತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಕೈಗೆ ಕೊಡಲು ಒಂದು ಕನ್ನಡ ಹಾಳೆ ಬೇಕು, ನಾಳೆ ಸಂಜೆಗೆ ಪ್ರಿಂಟ್ ಆಗಬೇಕು. ಅಲ್ಲಿ ಗಿಡ ಬೆಳೆಸುವ ಪಾಮ್ ಹೌಸ್, ಟೆಂಪರೇಟ್ ಹೌಸ್ ಎರಡಕ್ಕೂ ‘ಗಾಜಿನ ಮನೆ’ ಎಂದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ‘ತಾಳೆಮನೆ’, ‘ಸಮಶೀತೋಷ್ಣ ಗೃಹ’ ಆಗುತ್ತಾ? ಎರಡನೆಯದು ನನಗೇ ಹಿಡಿಸಿಲ್ಲ, ಭೂಗೋಳದ ಪರೀಕ್ಷೆಗೆ ಕೂತ ಹಾಗಿದೆ.

ಸಾಗರದಿಂದ:
ತಾಳೆಮನೆ ಬೇಡವೇ ಬೇಡ. ತೆಂಗು, ಅಡಿಕೆ, ಈಚಲು, ಬೈನೆ, ತಾಳೆ ಎಂದು ಒಂದೊಂದಕ್ಕೂ ಬೇರೆ ಹೆಸರಿಟ್ಟವರು ನಾವು, ಇಡೀ ಕುಲಕ್ಕೆ ಒಂದೇ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅಲ್ಲದೆ ಅಲ್ಲಿ ಬರೀ ಪಾಮ್ ಇಲ್ಲ. 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ ಸೈಕಾಡ್ ಇನ್ನೂ ಕುಂಡದಲ್ಲೇ ಬದುಕಿದೆ, ನೋಡಲು ಈಚಲಿನ ಹಾಗಿದ್ದರೂ ಅದು ಆ ಕುಲದ್ದಲ್ಲ. ಕೆಲಸ ನೋಡಿ ಹೆಸರಿಡಿ. 1848ರಲ್ಲಿ ಮುಗಿದ ಆ ಕಟ್ಟಡಕ್ಕೆ ನೆಲದಡಿ ಬಾಯ್ಲರ್ ಇಟ್ಟು, ಹೊಗೆಯನ್ನು ಸುರಂಗದಲ್ಲಿ ದೂರದ ಗೋಪುರಕ್ಕೆ ಸಾಗಿಸುತ್ತಿದ್ದರು. ಅದು ‘ಬಿಸಿಮನೆ’. 1863ರಲ್ಲಿ ತೆರೆದ ಟೆಂಪರೇಟ್ ಹೌಸಿಗೆ ಅಷ್ಟು ಕಾವು ಬೇಡ, ‘ಹದಮನೆ’. ಮುಗಿಯಿತು.

ಮೈಸೂರಿನಿಂದ:
ಬಿಸಿಮನೆ ಎಂದರೆ ಬಚ್ಚಲು ನೆನಪಾಗುತ್ತದೆ. ‘ಹಸಿರುಮನೆ’ ಇದೆಯಲ್ಲ, ಹಸಿರುಮನೆ ಅನಿಲ ಎಂದು ಶಾಲೆ ಮಕ್ಕಳೂ ಓದುತ್ತಾರೆ. ಇನ್ನು ಸಂಸ್ಕೃತ ಕಂಡರೆ ಉರಿದುಬೀಳುವವರು ‘ಗಾಜು’ ಎಲ್ಲಿಂದ ಬಂತೆಂದು ನೋಡಿಕೊಳ್ಳಲಿ. ಕಾಚದ ತದ್ಭವ ರೀ ಅದು.

ಸಾಗರದಿಂದ:
ತದ್ಭವ ನಮ್ಮದೇ. ನಾಲಿಗೆಗೆ ಬಗ್ಗಿದ್ದು ನಮ್ಮದು, ‘ಸಮಶೀತೋಷ್ಣ’ ಬಗ್ಗಿಲ್ಲ. ಹಸಿರುಮನೆ ಇಂಗ್ಲಿಷಿಗೆ ಕನ್ನಡದ ಅಂಗಿ ತೊಡಿಸಿದ್ದು, ಅಷ್ಟೇ.

ಬೆಂಗಳೂರಿನಿಂದ:
ಇಬ್ಬರೂ ಲಾಲ್‌ಬಾಗ್ ಮರೆತಿರಲ್ಲ! ಹಿರಿಯರಿಗೆ ಗಾಜಿನ ಮನೆ ಎಂದರೆ 1889ರಲ್ಲಿ ಅಡಿಗಲ್ಲು ಹಾಕಿದ ಇಲ್ಲಿನದು, ಫಲಪುಷ್ಪ ಪ್ರದರ್ಶನ ನಡೆಯುವಂಥದ್ದು. ಗಾಳಿ ಸಲೀಸಾಗಿ ಆಡುವ ಆ ಕಟ್ಟಡಕ್ಕೆ ಕಾವು ಹಿಡಿದಿಡುವ ಕೆಲಸವೇ ಇಲ್ಲ. ಅದೇ ಲೆಕ್ಕದಲ್ಲಿ ಹೋದರೆ ಪಾಮ್ ಹೌಸಿನ ಸೆಕೆಗೆ ಸ್ವೆಟರ್ ಬಿಚ್ಚಲು ಜಾಗ ಹುಡುಕಬೇಕಾಗುತ್ತದೆ. ಆಗಿನ ಲಾಲ್‌ಬಾಗ್ ಮೇಲ್ವಿಚಾರಕ ಜಾನ್ ಕ್ಯಾಮೆರಾನ್ ಕ್ಯೂನಿಂದಲೇ ಬಂದವರು, ಹಾಳೆಯಲ್ಲಿ ಅದನ್ನು ಹಾಕಿ. ಹೆಸರು ಮಾತ್ರ ಪಾಮ್ ಹೌಸ್ ಎಂದೇ ಇರಲಿ. ದಾರಿ ತಪ್ಪಿದವರು ‘ಬಿಸಿಮನೆ ಎಲ್ಲಿ’ ಎಂದು ಅಲ್ಲಿ ಯಾರನ್ನು ಕೇಳಬೇಕು? ಇಲ್ಲೇ ಆಟೋದವರಿಗೆ ‘ಕೆಂಪುತೋಟಕ್ಕೆ ನಡಿಯಪ್ಪ’ ಎಂದು ಹೇಳಿ ನೋಡಿ.

ಸಾಗರದಿಂದ:
ಹಾಗಾದರೆ ಕನ್ನಡ ಹಾಳೆ ಯಾಕೆ? ಇಂಗ್ಲಿಷಿನದೇ ಕೊಡಿ.

ಮೈಸೂರಿನಿಂದ:
ಬಾಯ್ಲರ್, ಸೈಕಾಡ್ ಎಂದು ಬರೆದವರು ಯಾರೋ.

ಲಂಡನ್ನಿನಿಂದ:
‘ಪಾಮ್ ಹೌಸ್’ ದಪ್ಪಕ್ಷರದಲ್ಲಿ, ಕೆಳಗೆ ಸಣ್ಣದಾಗಿ ‘ಬಿಸಿಮನೆ’. ಇನ್ನೊಂದರ ಕೆಳಗೆ ‘ಹದಮನೆ’. ವಾಟರ್‌ಲಿಲಿ ಹೌಸಿಗೆ ‘ತಾವರೆಮನೆ’ ಎಂದು ಹಾಕಿದ್ದೇನೆ, ಅದಕ್ಕೆ ಯಾರದೂ ತಕರಾರಿಲ್ಲ ಅಲ್ವಾ?

ಸಾಗರದಿಂದ:
ಅದು ನೈದಿಲೆ ಸ್ವಾಮಿ. ತಾವರೆ ಬೇರೆ.